ಡಿಸ್ಕಿಗಿಟ್ಟ ಬೊಟ್ಟು

ಹಳೆಯ ಕಂಪ್ಯೂಟರ್ ಆಟಗಳನ್ನು ಆಡಿ ತೋರಿಸುವ ವಿಡಿಯೊಗಳೇ ಹಂಸಳ ಸಂಪಾದನೆ. "ಆಟ ಆಡೋದು ಯಾವ ಸೀಮೆ ಕೆಲ್ಸಾನೇ?" ಎಂದು ಅವಳಮ್ಮ ಆಂಜನಮ್ಮ ದಿನಾ ಚುಚ್ಚುತ್ತಿದ್ದಳು.

ಆಯುಧಪೂಜೆ ಕಳೆದದ್ದೇ ತಡ, ಕಾರ್ ರೇಸಿನ ಆಟ ಮೂರನೇ ಸುತ್ತಿಗೆ ಬಂದಾಗಲೆಲ್ಲ ನಿಂತುಹೋಗತೊಡಗಿತು. ಹಂಸ ಕಂಪ್ಯೂಟರಿಗೆ ಶಾಪ ಹಾಕಿ, ಕೊನೆಗೆ ಆಟದ ಡಿಸ್ಕನ್ನು ಶಿವಾಜಿನಗರದ ರಿಪೇರಿ ಅಂಗಡಿಗೆ ಒಯ್ದಳು.

ಅಂಗಡಿಯ ಮುತ್ತುರಾಜ್ ಅದರ ಹೊಳೆಯುವ ಮೈಯನ್ನು ಬೆಳಕಿಗೆ ಹಿಡಿದ. "ಕಂಪ್ಯೂಟರ್ ಓದೋ ಕಡೇನೇ ಕುಂಕುಮ ಒಣಗಿ ಕೂತಿದೆ ಮೇಡಂ. ಯಾರೋ ಪೂಜೆಗೆ ಬೊಟ್ಟಿಟ್ಟವ್ರೆ." ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿಕೊಟ್ಟ.

ಹಂಸಳಿಗೆ ಕೋಪ ನೆತ್ತಿಗೇರಿತು. ಮನೆಗೆ ಹೊರಟ ಹಲಸೂರಿನ ಬಸ್ಸಿನಲ್ಲಿ ಅದು ತಾನಾಗಿ ಇಳಿಯಿತು. ಅಮ್ಮ ಪ್ರತಿವರ್ಷ ಬೊಟ್ಟಿಡುತ್ತಿದ್ದದ್ದು ಮನೆಗೆ ಅನ್ನ ಹಾಕುವ ತನ್ನ ಹೊಲಿಗೆ ಮಿಷನ್ನಿಗೆ ಮಾತ್ರ.

ಮನೆಯಲ್ಲಿ ಡಿಸ್ಕಿನ ಮೇಲೆ ಆಟದ ಹೆಸರು ಅಚ್ಚಾಗಿರುವ ಮೈಯನ್ನು ತೋರಿಸಿ ಹೇಳಿದಳು: "ಅಮ್ಮಾ, ಮುಂದಿನ್ ವರ್ಷ ಈ ಕಡೆ ಇಡು."