ಕಳೆದ ಕಾಲುಭಾಗ

ಮೂವತ್ತೆರಡು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ, ಮುದ್ರೆ ಒತ್ತಿ ನಿವೃತ್ತರಾದ ಯಜಮಾನರು ಔಷಧಿ ಚೀಟಿಯನ್ನು ಮೂರನೆಯ ಸಲ ಓದಿ, ಡಾಕ್ಟರ್ ಲೆಕ್ಕ ತಪ್ಪಿದ್ದಾರೆಂದು ತೀರ್ಮಾನಿಸಿದರು.

ಹೆಂಡತಿಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ದಿನಕ್ಕೆ ಅರವತ್ತು ಮಿಲಿಗ್ರಾಂ ಮಾರ್ಫಿನ್ ನಡೆದಿತ್ತು. ನೋವು ಹತೋಟಿಗೆ ಬಂದಿತ್ತು. ಆದರೆ ಮೈಯೆಲ್ಲ ತುರಿಕೆ, ಹಗಲೆಲ್ಲ ಮಂಪರು. ದರ್ಜಿಯಾದ ಆಕೆ ಮೊಮ್ಮಗಳ ಕೋಟಿನ ಗುಂಡಿಗಳಿಗೆ ಕಾಜಾ ಹಾಕಲು ಕುಳಿತರೆ ಸೂಜಿ ಹಿಡಿದೇ ತೂಕಡಿಸುತ್ತಿದ್ದಳು. ಆರು ಕಾಜಾ ಬಾಕಿ. ಅವನ್ನು ತನ್ನ ಕೈಯಾರೆ ಮುಗಿಸಬೇಕೆಂಬುದೊಂದೇ ಆಕೆಯ ಹಟ. ಅದಕ್ಕೇ ಡಾಕ್ಟರ್ ಮಾರ್ಫಿನ್ ನಿಲ್ಲಿಸಿ ಆಕ್ಸಿಕೋಡೋನ್ ಎಂಬ ಬೇರೆ ನೋವಿನ ಮಾತ್ರೆ ಬರೆದಿದ್ದರು: ದಿನಕ್ಕೆ ಮೂವತ್ತು.

ನೋವಿನ ಔಷಧಿಗಳ ಬಲ ಹೋಲಿಸಿ ಆಸ್ಪತ್ರೆಯ ಗೋಡೆಗೆ ಹಾಕಿದ್ದ ಪಟ್ಟಿಯನ್ನು ಯಜಮಾನರು ಸುಮ್ಮನೆ ನೋಡಿ ಬಂದವರಲ್ಲ. ಹೊಸ ಮಾತ್ರೆ ಹಳೆಯದಕ್ಕಿಂತ ಒಂದೂವರೆ ಪಟ್ಟು ಬಲವಾದದ್ದು. ಅರವತ್ತನ್ನು ಒಂದೂವರೆಯಿಂದ ಭಾಗಿಸಿದರೆ ನಲವತ್ತು. ಉಳಿದ ಹತ್ತು ಎಲ್ಲಿ ಹೋಯಿತು? ನೋವು ಮೀರಿದಾಗ ಮಾತ್ರ ಕೊಡಿ ಎಂದು ಕೊಟ್ಟಿದ್ದ ಐದು ಮಿಲಿಗ್ರಾಂನ ಸಣ್ಣ ಮಾತ್ರೆಗಳಲ್ಲಿ ಎರಡನ್ನು ಅಂಗೈಯಲ್ಲಿಟ್ಟುಕೊಂಡು, ಕೊರತೆ ತುಂಬಲು ಹೆಂಡತಿಯ ಮುಂದೆ ನಿಂತರು.

ಹೊಸ ಮಾತ್ರೆಯನ್ನು ಆಕೆ ಬೆಳಿಗ್ಗೆಯೇ ನುಂಗಿಯಾಗಿತ್ತು. “ನೋವು ಈಗ ಹೇಳ್ಕೊಳ್ಳೋವಷ್ಟಿಲ್ಲ. ನಿಮ್ಮ ಲೆಕ್ಕ ಸರಿಹೋಗ್ಲಿ ಅಂತ ನಾನ್ಯಾಕ್ರೀ ನಿದ್ದೆ ಹೊಡೀಲಿ? ಮೊದ್ಲು ಕೇಳ್ಕೊಂಡು ಬನ್ನಿ.”

ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿದ್ದ ಫಾರ್ಮಸಿಸ್ಟ್ ಹೆಂಗಸು ಚೀಟಿಯ ಹಿಂಬದಿಯಲ್ಲಿ ಯಜಮಾನರು ಮಾಡಿದ್ದ ಭಾಗಾಕಾರವನ್ನು ಪೂರ್ತಿ ಓದಿದರು.

“ಲೆಕ್ಕದಲ್ಲೇನೂ ತಪ್ಪಿಲ್ಲ ಸಾರ್. ಡಾಕ್ಟರಿಗೂ ನಲವತ್ತೇ ಬಂದಿದೆ. ಆಮೇಲೆ ಬೇಕಂತ್ಲೇ ಕಾಲುಭಾಗ ಕಳೆದಿದ್ದಾರೆ.”

ಮಾರ್ಫಿನ್‌ಗೆ ಒಗ್ಗಿದ ದೇಹ ಹೊಸ ಮಾತ್ರೆಗೂ ಅಷ್ಟೇ ಒಗ್ಗಿರುವುದಿಲ್ಲವೆಂದೂ, ಪಟ್ಟಿಯ ಅಂಕಿ ಹಲವರ ಸರಾಸರಿಯೇ ಹೊರತು ಈ ಒಬ್ಬರ ಅಳತೆಯಲ್ಲವೆಂದೂ ಅವರು ಬಿಡಿಸಿ ಹೇಳಿದರು. ಒಮ್ಮೆಗೇ ನಲವತ್ತು ಹೋದರೆ ಮಂಪರು ಮಿತಿಮೀರಿ ಉಸಿರೇ ನಿಧಾನವಾಗಬಹುದು. ಸಣ್ಣ ಮಾತ್ರೆ ನೋವು ಮೀರಿದಾಗ ಮಾತ್ರ. ಎಷ್ಟು ಬೇಕಾಯಿತೆಂದು ಬರೆದು ತಂದರೆ, ಏರಿಸಬೇಕೋ ಬೇಡವೋ ಡಾಕ್ಟರ್ ನೋಡುತ್ತಾರೆ.

ಯಜಮಾನರು ಚೀಟಿಯನ್ನು ಮಡಿಚಿ ಜೇಬಿಗಿಟ್ಟರು. ತಾವೂ ಹೊಸ ತಕ್ಕಡಿಯ ಮೇಲೆ ಪೂರ್ತಿ ಭಾರ ಹೇರಿದವರಲ್ಲ. ಸಣ್ಣ ತೂಕವಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಇನ್ನೊಂದನ್ನು ಇಡುತ್ತಿದ್ದರು. ಅವಸರ ಮಾಡಿದ ಕಿರಿಯರಿಗೆ ಚಳಿ ಬಿಡಿಸಿದ್ದೂ ಉಂಟು.

ಮನೆಗೆ ಬಂದು ಇದನ್ನೇ ಹೇಳಿದರು.

“ಅಂತೂ ಇಷ್ಟು ವರ್ಷಕ್ಕೆ ನಾನೂ ಒಂದು ತಕ್ಕಡಿ ಆದೆ,” ಎಂದಳು ಹೆಂಡತಿ. “ಮುದ್ರೆ ಯಾವಾಗ ಒತ್ತೀರಿ?”

“ಮುಳ್ಳು ನಿಲ್ಲಲಿ.”

ಮೊದಲ ದಿನ ಸಣ್ಣ ಮಾತ್ರೆ ಎರಡು ಬೇಕಾದವು, ಮರುದಿನ ಒಂದು, ಮೂರನೆಯ ದಿನ ಒಂದೂ ಇಲ್ಲ. ಬರೆದಿಟ್ಟದ್ದನ್ನು ನೋಡಿ ಡಾಕ್ಟರ್ ಮೂವತ್ತನ್ನೇ ಉಳಿಸಿದರು. ತುರಿಕೆ ಇಳಿಯಿತು. ವಾರ ತುಂಬುವ ಮೊದಲೇ ಆಕೆ ಕಿಟಕಿಯ ಬೆಳಕಿನಲ್ಲಿ ಕುಳಿತು, ಆರನೆಯ ಕಾಜಾದ ದಾರವನ್ನು ಹಲ್ಲಿನಿಂದ ಕಡಿದು, ಕೋಟನ್ನು ಗಂಡನ ಕೈಗಿತ್ತಳು.

ಅವರು ಆಕೆಯ ಟೇಪು ತೆಗೆದುಕೊಂಡು ಕಾಜಾಗಳ ನಡುವಿನ ಅಂತರ ಅಳೆದರು. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚಿತ್ತು. ಟೇಪನ್ನು ಸುತ್ತಿಟ್ಟು, “ಸರಿಯಾಗಿದೆ,” ಎಂದರು.