ಇಟ್ಟಂಗಿ ತಿಕ್ಕಿದ ಪಟ್ಟಿ

ಜ್ವರವೆಂದು ರಜೆ ಹಾಕಿದ್ದ ಮಾಪಣ್ಣ ಕಲ್ಯಾಣದ ಅಕ್ಕನ ಮನೆಗೆ ಬಂದಿದ್ದ. ಪಾರವ್ವ ತಮ್ಮನಿಗೆ ಗಂಜಿ ಕೊಟ್ಟು ಹೊಲಿಗೆ ಮಷಿನ್ನಿನ ಮುಂದೆ ಕೂತಳು. ಅವನು ಚೀಲದಿಂದ ದಪ್ಪನೆಯ ಖಾಕಿ ಪಟ್ಟಿಯೊಂದನ್ನು ತೆಗೆದ.

"ಅಕ್ಕಾ, ಇದರ ಅಂಚು ಬಿಚ್ಚೇದ, ಒಂದು ಹೊಲಿಗಿ ಹಾಕು. ವಾಶಿಯೊಳಗ ನೀರಿನ ಟಾಕಿಗೆ ಬಣ್ಣ ಹಚ್ಚಾಕತ್ತೀವಿ. ಇದನ್ನ ನಡುವಿಗೆ ಕಟ್ಟಿ ಜೋತು ಬೀಳೋದು. ಅಸಲಿ ಮಿಲಿಟರಿ ಬಂದೂಕಿನ ಪಟ್ಟಿ ಅಂತ ಕೆಲಸ ಮಾಡ್ಸೋ ಮುಕಾದಮ ಎಲ್ಲಾರಿಗೂ ಕೊಟ್ಟಾನ."

ಪಾರವ್ವ ಅದನ್ನು ಬೆಳಕಿಗೆ ಹಿಡಿದಳು. ಸೈನ್ಯದಲ್ಲಿ ಬಳಸಿದ ಪಟ್ಟಿ ಬಂದೂಕಿನ ಕೊಂಡಿ ಉಜ್ಜುವ ತುದಿಗಳಲ್ಲಿ ಸವೆದಿರುತ್ತದೆ. ಇದು ಉದ್ದಕ್ಕೂ ಸವೆದಿತ್ತು. ತುದಿಯ ಹಳದಿ ತಗಡನ್ನು ಕತ್ತರಿಯಿಂದ ಕೆರೆದಳು. ಹಿತ್ತಾಳೆಯಾಗಿದ್ದರೆ ಒಳಗೂ ಹಳದಿ ಇರಬೇಕಿತ್ತು, ಬಿಳಿ ಕಂಡಿತು. ಮೂಲೆಯ ಹೊಲಿಗೆ ಅವಳದೇ.

ಗಂಡ ಬಾಳಪ್ಪನಿಗೆ ಸ್ಟೇಷನ್ ಹತ್ತಿರ ಮಿಲಿಟರಿ ಸಾಮಾನಿನ ಅಂಗಡಿ. ಹರಾಜಿನಲ್ಲಿ ಅಸಲಿ ಪಟ್ಟಿ ಸಿಗುವುದು ಕಮ್ಮಿಯಾದಾಗಿನಿಂದ ಅವನು ಭಿವಂಡಿಯ ಹೊಸ ಪಟ್ಟಿಯನ್ನು ಚಹಾದ ನೀರಿನಲ್ಲಿ ಕುದಿಸಿ, ಇಟ್ಟಂಗಿಯಿಂದ ತಿಕ್ಕಿ, ಸೈನ್ಯದ ಬಾಣದ ಗುರುತು, ಇಸವಿ ಇರುವ ಠಸ್ಸೆ ಒತ್ತಿ ಹಳೆಯದು ಮಾಡುತ್ತಿದ್ದ. ತುದಿಗೆ ತಗಡಿಟ್ಟು ಹೊಲಿಯುವುದು ಪಾರವ್ವನ ಕೆಲಸ. ಜನಕ್ಕೂ ಹೊಸದೆಂದರೆ ಅನುಮಾನ, ಸವೆದದ್ದೆಂದರೆ ನಂಬಿಕೆ. ಗಂಡಹೆಂಡಿರು ಇದನ್ನು ಹೇಳಿಕೊಂಡು ಎಷ್ಟೋ ಸಲ ನಕ್ಕಿದ್ದರು.

ಊಟಕ್ಕೆ ಬಂದ ಬಾಳಪ್ಪ ಪಟ್ಟಿ ನೋಡಿ, ಅದಕ್ಕೆ ಜೋತುಬಿದ್ದು ಬಣ್ಣ ಹಚ್ಚುತ್ತಾರೆಂದು ಪಾರವ್ವನಿಂದ ಕೇಳಿ ಹೊಸ್ತಿಲಲ್ಲೇ ನಿಂತ.

"ನಾ ವಾಟರ್‌ಬ್ಯಾಗ್ ತೂಗಹಾಕಾಕ ಮಾರೀನಿ," ಎಂದ. "ಮನುಷ್ಯಾರನ್ನ ಅಲ್ಲ. ಅಸಲಿದಾದ್ರೂ ಬಂದೂಕಿನ ಭಾರಕ್ಕ ಮಾಡಿದ್ದು."

"ತಗೊಂಡವರಿಗೆ ಏನಂತ ಹೇಳಿದ್ರಿ?" ಎಂದು ಪಾರವ್ವ ಕೇಳಿದಳು.

"ಮಿಲಿಟರಿದು ಅಂತ."

"ಅದನ್ನ ನಂಬೇ ಏರ್ಯಾರ."

ಮಾಪಣ್ಣ ಎದ್ದು ನಿಂತ. "ಮಾವಾ, ಉಳಿದವರು ಈಗ್ಲೂ ಮ್ಯಾಲೆ ಅದಾರ."

"ನೀನೇ ಹೋಗಿ ಹೇಳು. ನಾ ಹೇಳಿದ್ರ ಪೊಲೀಸರು ಬರ್ತಾರ, ಅಂಗಡಿ ಹೋಗತದ."

"ನನ್ನ ಮಾತು ಮುಕಾದಮ ಕೇಳಂಗಿಲ್ಲ."

ಪಾರವ್ವ ಪಟ್ಟಿಯ ಒಂದು ತುದಿಯನ್ನು ಕಾಲಿನಡಿ ಒತ್ತಿ ಇನ್ನೊಂದನ್ನು ಜಗ್ಗಿದಳು. ಇಟ್ಟಂಗಿ ತಿಕ್ಕಿದ ಕಡೆ ನೂಲು ಚಟಚಟನೆ ಹರಿಯಿತು. ಬಾಳಪ್ಪ ಉಣ್ಣದೆ ಚಪ್ಪಲಿ ಮೆಟ್ಟಿದ. ಮಾಪಣ್ಣನನ್ನು ಕರೆದುಕೊಂಡು, ದಾರಿಯಲ್ಲಿ ಅಂಗಡಿಗೆ ಹೊಕ್ಕು ಸ್ಟೇಷನ್ನಿಗೆ ನಡೆದ.

ಥಾಣೆಯವರೆಗಿನ ಲೋಕಲ್ ರೈಲು ಎಲ್ಲ ಸಿಗ್ನಲ್ಲಿಗೂ ನಿಂತಂತೆ ಅನಿಸಿತು. ವಾಶಿಯ ಬಸ್ಸಿನಲ್ಲಿ ಬಾಳಪ್ಪ ಕಿಟಕಿಯಾಚೆ ನೋಡಲೇ ಇಲ್ಲ. ಟಾಕಿಯ ಕೆಳಗೆ ಜನ ಗುಂಪುಗೂಡಿದ್ದು ಕಂಡರೆ ಏನು ಗತಿ ಎಂದು ಹೆದರಿದ್ದ.

ಗುಂಪಿರಲಿಲ್ಲ. ಮೇಲೆ ಕೆಲವರು ಜೋತುಬಿದ್ದು ಬಣ್ಣ ಹಚ್ಚುತ್ತಿದ್ದರು. ಪಟ್ಟಿ ನಕಲಿ, ಎಲ್ಲರನ್ನೂ ಇಳಿಸಿ ಎಂದು ಬಾಳಪ್ಪ ಹೇಳಿದಾಗ ಮುಕಾದಮ ನಕ್ಕ.

"ಅರೆ, ಛಾಪ್ ದೇಖೋ. ಮಿಲಿಟರಿ ಮಾಲ್ ಹೈ," ಎಂದು ಪಟ್ಟಿಯ ಮೇಲಿನ ಠಸ್ಸೆಯ ಗುರುತು ತೋರಿಸಿದ.

ಬಾಳಪ್ಪ ಜೇಬಿನಿಂದ ಮಸಿಯ ಡಬ್ಬಿ, ಠಸ್ಸೆ ತೆಗೆದು ತನ್ನ ಅಂಗೈಗೆ ಒತ್ತಿಕೊಂಡು ಅವನ ಮುಖದೆದುರು ಹಿಡಿದ. ಅದೇ ಬಾಣ, ಅದೇ ಇಸವಿ.

"ಇದು ನಂದು," ಎಂದ.

ಮುಕಾದಮ ಮೇಲಕ್ಕೆ ಕೂಗಿದ. ಒಬ್ಬೊಬ್ಬರೇ ಇಳಿದರು. ಮಂಗಳೂರು ಕಡೆಯ ಅಂಗಾರನೆಂಬವನು ಮಾತ್ರ ಎಲ್ಲರಿಗಿಂತ ಮೇಲಿದ್ದ. "ಪಟ್ಟಿ ಮ್ಯಾಲೆ ಭಾರ ಹಾಕಬ್ಯಾಡ," ಎಂದು ಮಾಪಣ್ಣ ಕೂಗಿದ. ಬಾಳಪ್ಪ ಏಣಿಯ ಬುಡ ಹಿಡಿದು ನಿಂತ. ತಲೆಯೆತ್ತುವ ಧೈರ್ಯ ಬರಲಿಲ್ಲ. ಏಣಿ ನಡುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಬಿರುಕುಬಿಟ್ಟ ಪಾದವೊಂದು ಅವನ ಕೈ ಪಕ್ಕಕ್ಕೆ ಬಂತು.

ಅಂಗಾರ ಪಟ್ಟಿ ಬಿಚ್ಚಿ ಅವನ ಕೈಗೆ ಕೊಟ್ಟ. "ಹಾಗಾದ್ರೆ ಇಷ್ಟು ದಿವಸ ನನ್ನನ್ನು ಹಿಡಿದದ್ದು ಯಾವುದು ಮಾರಾಯ್ರೆ?"

ಬಾಳಪ್ಪ ಮುಕಾದಮನ ಕಡೆ ತಿರುಗಿದ. ಈ ಪಟ್ಟಿಗಳನ್ನು ಎಲ್ಲಿಂದ ತಂದದ್ದೆಂದು ಕೇಳಿದ.

"ಥಾಣೆ, ನೌಪಾಡಾ ಕೀ ದುಕಾನ್."

ಆ ಅಂಗಡಿಗೆ ಬಾಳಪ್ಪ ಇಡೀ ಮೂಟೆ ಕಳಿಸಿದ್ದ, ಇಲ್ಲಿಗೆ ಬಂದದ್ದು ಅದರಲ್ಲಿ ಕೆಲವೇ. ಮಸಿ ಮೆತ್ತಿದ ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ ಅವನು ಬಸ್‌ಸ್ಟಾಪಿನ ಕಡೆ ಓಡತೊಡಗಿದ.