ಕೀಬೋರ್ಡ್ ಓಂಕಾರೇಶ

ಓಂಕಾರೇಶನ ಎದುರು ಕೂತು ಮಾತಾಡುವವರು ಅವನ ಮುಖಕ್ಕಿಂತ ಮೊದಲು ಅವನ ತೊಡೆ ನೋಡಬೇಕು. ನಾವು ಆಡುತ್ತಿರುವ ಮಾತನ್ನೆಲ್ಲ ಅವನ ಬೆರಳುಗಳು ಅಲ್ಲಿ, ಪಂಚೆಯ ಮೇಲೋ ಪ್ಯಾಂಟಿನ ಮೇಲೋ, ಇಲ್ಲದ ಗುಂಡಿಗಳನ್ನು ಒತ್ತುತ್ತ ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಿರುತ್ತವೆ. ಮಾತು ಹಿಡಿಸಿದರೆ ಬೆರಳು ಓಡುತ್ತವೆ. ಚಾಡಿಯೋ ಜಂಬವೋ ಶುರುವಾದರೆ ತಾವಾಗಿಯೇ ನಿಲ್ಲುತ್ತವೆ. ಬೆರಳು ನಿಂತದ್ದನ್ನು ಕಂಡು ನಡುದಾರಿಯಲ್ಲೇ ಮಾತು ಬದಲಾಯಿಸಿದವರು ತರೀಕೆರೆಯ ನಮ್ಮ ಬೀದಿಯಲ್ಲಿ ಅನೇಕರಿದ್ದಾರೆ.

ಐವತ್ತು ದಾಟಿದ ಆಳು. ಉದ್ದನೆಯ ಮೈ, ಕೊಂಚ ಮುಂದಕ್ಕೆ ಬಾಗಿದ ಕತ್ತು, ತುಂಬಿದ ಕೊಡ ಹೊತ್ತವಳಂತೆ ತೂಗಿ ತೂಗಿ ಇಡುವ ಹೆಜ್ಜೆ. ಮೈಮೇಲೆ ಸದಾ ಒಂದು ಕಪ್ಪು ಉಣ್ಣೆಯ ಕೋಟು, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ತಂದೆಯದು. ಯುಗಾದಿಯ ಬಿಸಿಲಿನಲ್ಲೂ ಅದು ಇಳಿಯದು, ಏಕೆಂದರೆ ಅದರ ಜೇಬುಗಳೇ ಅವನ ಉಗ್ರಾಣ: ಬಲಜೇಬಿನಲ್ಲಿ ಹಳೆಯ ಕೀಬೋರ್ಡುಗಳ ಗುಂಡಿಗಳಿಂದ ಕಳಚಿದ ಅಕ್ಷರದ ಟೋಪಿಗಳು, ಎಡಜೇಬಿನಲ್ಲಿ ಬೆಂಕಿಪೊಟ್ಟಣದೊಳಗೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗುಗಳು, ಎದೆಯ ಜೇಬಿನಲ್ಲಿ ಸವೆದ ಹಲ್ಲುಜ್ಜುವ ಬ್ರಷ್ಷು. ಅವನು ನಡೆದು ಬಂದರೆ ಹುಣಿಸೆಬೀಜದ ಚೀಲವೊಂದು ನಡೆದು ಬಂದ ಸದ್ದು. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಜೆರಾಕ್ಸ್ ಅಂಗಡಿ; ಅದಕ್ಕೊಂದು ಹೆಸರಿನ ಬೋರ್ಡೂ ಇದೆ, ಆದರೆ ಆಟೋದವರಿಗೆ 'ಕೀಬೋರ್ಡ್ ಓಂಕಾರೇಶ' ಅಂದರೆ ಸಾಕು.

ಮನೆಯಲ್ಲಿ ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆಯೇ ಈಗ ಅವನ ಸಂಗ್ರಹಾಲಯ. ಅಟ್ಟಣಿಗೆಯ ಮೇಲೆ ಅಟ್ಟಣಿಗೆ, ಅದರ ಮೇಲೆಲ್ಲ ಗುಜರಿಯವರು, ಆಫೀಸಿನವರು, ಮುಚ್ಚಿಹೋದ ಟೈಪಿಂಗ್ ಶಾಲೆಯವರು ಬೇಡವೆಂದು ಎಸೆದ ಕೀಬೋರ್ಡುಗಳು. ಕೆಲವು ತಾಂಬೂಲದ ಹಲ್ಲಿನಂತೆ ಕೆಂಚಗೆ, ಕೆಲವು ಹಳೆಯ ತುಪ್ಪದಂತೆ ಹಳದಿ. ಎತ್ತಲು ಹೋದರೆ ತಳದ ಉಕ್ಕಿನ ತಗಡಿನ ಭಾರಕ್ಕೆ ಮಣಿಕಟ್ಟು ನೋಯುತ್ತದೆ. ಇವುಗಳಲ್ಲಿ ಏನಿದೆ ಅಂತ ಯಾರಾದರೂ ಕೇಳಿದರೆ ಅವನು ವಾದಿಸುವುದಿಲ್ಲ. ಮೊದಲು ಈಗಿನ ಚಪ್ಪಟೆ ಕೀಬೋರ್ಡ್ ಮುಂದಿಡುತ್ತಾನೆ. ಒತ್ತಿದರೆ ನೆನೆದ ರೊಟ್ಟಿ ಒತ್ತಿದ ಹಾಗೆ, ಒಳಗೆ ಹೋಯಿತೋ ಇಲ್ಲವೋ ಬೆರಳಿಗೆ ತಿಳಿಯದು. ಆಮೇಲೆ ಹಳೆಯದನ್ನು ಇಡುತ್ತಾನೆ. ಅದರಲ್ಲಿ ಒಂದೊಂದು ಅಕ್ಷರದ ಕೆಳಗೂ ಅದರದೇ ಆದ ಸ್ಪ್ರಿಂಗು. ಒತ್ತುತ್ತ ಹೋದಂತೆ ತಡೆಯುತ್ತದೆ, ತಡೆಯುತ್ತದೆ, ಒಂದು ಘಟ್ಟದಲ್ಲಿ ಥಟ್ಟನೆ ಬಾಗಿ 'ಟಕ್' ಎನ್ನುತ್ತದೆ. ಅಕ್ಷರ ಮೂಡಿತೆಂದು ಕಣ್ಣಿಗಿಂತ ಮೊದಲು ಬೆರಳಿಗೂ ಕಿವಿಗೂ ಗೊತ್ತಾಗುತ್ತದೆ.

"ಒತ್ತಿದ್ದಕ್ಕೆ ಉತ್ತರ ಬರ್ಬೇಕು ಕಣ್ರೀ," ಅನ್ನುತ್ತಾನೆ. ಅವನ ವೇದಾಂತವೆಲ್ಲ ಅಷ್ಟೇ.

ಆ ಕಿವಿಯ ಸೂಕ್ಷ್ಮತೆ ಬೆರಗು ಹುಟ್ಟಿಸುವಂಥದ್ದು. ಒಮ್ಮೆ ಕಡೂರಿನ ಯಾವುದೋ ಆಫೀಸಿನಲ್ಲಿ ಸಾಲಿನಲ್ಲಿ ನಿಂತಿದ್ದವನು, ಗಾಜಿನ ಆಚೆ ಟೈಪು ಮಾಡುತ್ತಿದ್ದ ಹೆಣ್ಣುಮಗಳಿಗೆ, "ಮೇಡಮ್ಮೋರೆ, ನಿಮ್ಮ ಎಡಗಡೇದು ಕುಂಟ್ತಾ ಐತೆ," ಅಂದುಬಿಟ್ಟ. ಅವನು ಹೇಳಿದ್ದು ಎಡಗಡೆಯ ಶಿಫ್ಟ್ ಗುಂಡಿಯನ್ನು. ಆಕೆ ತನ್ನ ಕಾಲನ್ನು ಅಂದುಕೊಂಡಳು. ಕಾವಲಿನವನು ಬಂದು ತೋಳು ಹಿಡಿದು ಸಾಲಿನ ತುದಿಗೆ ನಿಲ್ಲಿಸಿದ. ಓಂಕಾರೇಶನಿಗೆ ಅದರಿಂದ ಸಂತೋಷವೇ ಆಯಿತು. ಇನ್ನಷ್ಟು ಹೊತ್ತು ಆ ಸದ್ದು ಕೇಳಬಹುದಲ್ಲ.

ಇಂಥವನಿಗೆ ಇನ್ನಿಬ್ಬರು ಸಿಕ್ಕಿದ್ದರು. ಕಡೂರಿನ ನಾಗೇಶ್ ತಮಾಷೆಯ ಮನುಷ್ಯ, ಹಳದಿಗಟ್ಟಿದ ಕೀಬೋರ್ಡುಗಳನ್ನು ಮತ್ತೆ ಬೆಳ್ಳಗೆ ಮಾಡುವುದರಲ್ಲಿ ಎತ್ತಿದ ಕೈ. ಅಜ್ಜಂಪುರದ ರುದ್ರಮೂರ್ತಿ ವಯಸ್ಸಿನಲ್ಲಿ ಹಿರಿಯ, ಮೇಷ್ಟ್ರಾಗಿ ನಿವೃತ್ತನಾದವನು. ಒಂದರ ಮೈಗೆ ಇನ್ನೊಂದರ ಟೋಪಿ ಹಾಕಿದ ಕೀಬೋರ್ಡನ್ನು ಕಂಡರೆ ಮೈಲಿಗೆಯಾದವನಂತೆ ದೂರ ಸರಿಯುತ್ತಾನೆ. ಭಾನುವಾರಗಳಲ್ಲಿ ಮೂವರೂ ಕೋಣೆಯಲ್ಲಿ ಸೇರಿದರೆ, ಗೋಡೆಯ ಈಚೆಗೆ ಪಕ್ಕದ ಮನೆಯಲ್ಲಿರುವ ನಮಗೆ ಸಾಸಿವೆ ಸಿಡಿದಂತೆ, ಮಂಡಕ್ಕಿ ಹುರಿದಂತೆ, ಆಲಿಕಲ್ಲು ಹೆಂಚಿನ ಮೇಲೆ ಬಿದ್ದಂತೆ ಬಗೆಬಗೆಯ ಸದ್ದು. ಆ ಕೋಣೆಗೆ ಕಾಫಿ ಲೋಟ ಒಯ್ಯುವಂತಿಲ್ಲ. ಹೆಂಡತಿ ಅನಿತಾ ಹೊಸ್ತಿಲಾಚೆಗೇ ಇಟ್ಟು ಕೂಗಬೇಕು, ಅವರು ಹೊರಗೆ ಬಂದು ಕುಡಿಯಬೇಕು.

ಅವನ ಸಂಗ್ರಹದ ಮುಕುಟಮಣಿ ಮಾತ್ರ ಆ ಕೋಣೆಯಲ್ಲಿರಲಿಲ್ಲ. ಕೆಮ್ಮಣ್ಣುಗುಂಡಿ ಕಡೆಯ ಎಸ್ಟೇಟೊಂದರ ಹಳೆಯ ಆಫೀಸಿನ ಉಗ್ರಾಣದಲ್ಲಿ ಸಿಕ್ಕಿದ, ಡಬ್ಬದ ಅಂಟುಪಟ್ಟಿಯನ್ನು ಸಹ ಯಾರೂ ಕೀಳದ ಒಂದು ಕೀಬೋರ್ಡು ಅದು. ಅನಿತಾಳ ರೇಷ್ಮೆ ಸೀರೆಗಳ ಜೊತೆ ಕಪಾಟಿನಲ್ಲಿತ್ತು. ಯಾರ ಬೆರಳೂ ತಾಕದ್ದು. ಅವನು ಅದನ್ನು ತೆರೆದವನಲ್ಲ, ಡಬ್ಬವನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲುಗಿಸಿ ಕೇಳಿ ಮತ್ತೆ ಇಡುತ್ತಿದ್ದ. "ಕನ್ಯಾಸೆರೆ ಇನ್ನೂ ಬಿಡಿಸ್ಲಿಲ್ವ?" ಎಂದು ಅನಿತಾ ಕೆಣಕಿದರೆ, ನಕ್ಕು ಡಬ್ಬವನ್ನು ಸೀರೆಗಳ ನಡುವೆ ಇನ್ನಷ್ಟು ಒಳಕ್ಕೆ ಸರಿಸುತ್ತಿದ್ದ.

ಹೀಗಿರುವಾಗ ಅಜ್ಜಂಪುರದಿಂದ ಪ್ರಜ್ಞಾ ಬಂದಳು. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ, ಅಲ್ಲಿನ ಒಂದು ಸಂಘದಲ್ಲಿ ತಾತ್ಕಾಲಿಕ ಟೈಪಿಸ್ಟು. ಟೈಪು ಮಾಡಿದ್ದನ್ನು ಕಂಪ್ಯೂಟರು ಅವಳ ಕಿವಿಗೆ ಓದಿ ಹೇಳುತ್ತದೆ, ಆದರೆ ಅದು ಹೇಳಿ ಮುಗಿಸುವವರೆಗೆ ಕಾದು ಕೂತರೆ ಕೆಲಸ ಸಾಗದು. ಅವಳಿಗೆ ಬೆರಳ ತುದಿಯಲ್ಲೇ ಉತ್ತರ ಬೇಕು. ದಸರಾ ಕಳೆದ ಮೇಲೆ ಟೈಪಿಂಗ್ ಪರೀಕ್ಷೆ, ಅದರಲ್ಲಿ ಗೆದ್ದರೆ ಕೆಲಸ ಕಾಯಂ, ಸ್ವಂತ ಕೀಬೋರ್ಡ್ ತರಬಹುದು ಎಂದಿದ್ದರಂತೆ. ಕಲಿತ ಹಾಸ್ಟೆಲಿನವರು ಕೊಟ್ಟ ಹಳೆಯ ಸ್ಪ್ರಿಂಗಿನ ಕೀಬೋರ್ಡನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು.

"ಓಂಕಾರಣ್ಣ, ಇದಕ್ಕೆ ಹಲ್ಲು ಅಲ್ಲಾಡ್ತಾವೆ."

"ಬಿಡಮ್ಮ, ಕಟ್ಟಿಕೊಡ್ತೀನಿ."

"ಕಟ್ಟಿದ ಹಲ್ಲು ನಂಗೆ ಗೊತ್ತಾಗ್ತದೆ. ಹುಷಾರು," ಅಂದಳು. ಅವನ ಬೆರಳು ತೊಡೆಯ ಮೇಲೆ ಓಡಿದವು.

ಈ ಜಾತಿಯ ಕೀಬೋರ್ಡಿನ ಹೊಟ್ಟೆಯಲ್ಲಿ ಉಕ್ಕಿನ ತಗಡು, ಅದರ ಮೇಲೆ ವಿದ್ಯುತ್ ಹರಿಯುವ ಸಣ್ಣ ಗೆರೆಗಳನ್ನು ಅಚ್ಚೊತ್ತಿದ ಪಾರದರ್ಶಕ ಹಾಳೆಗಳು, ಅದರ ಮೇಲೆ ಸ್ಪ್ರಿಂಗುಗಳ ಹಲಗೆ. ಎಲ್ಲವನ್ನೂ ಹಿಡಿದಿಡುವುದು ಪ್ಲಾಸ್ಟಿಕ್ಕಿನ ಮೊಳೆಗಳು. ವಯಸ್ಸಾದಂತೆ ಅವು ಮುರಿಯುತ್ತವೆ. ಮುರಿದದ್ದರ ಬುಡವನ್ನು ಕೊರೆದು ಅಲ್ಲಿ ಪುಟ್ಟ ಬೋಲ್ಟು ಕೂರಿಸಬೇಕು. ಓಂಕಾರೇಶ ಯಂತ್ರದಿಂದ ಕೊರೆಯುವುದಿಲ್ಲ, ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆಂದು ಕೈಯಿಂದಲೇ ಕೊರೆಯುತ್ತಾನೆ. ಆಗ ಅವನನ್ನು ನೋಡಬೇಕು: ಉಸಿರು ಹಿಡಿದು, ಕೊರೆಯುವ ಸದ್ದಿಗೆ ಕಿವಿ ಕೊಟ್ಟು, ಅಳುವ ಕೂಸಿನ ಕಣ್ಣಿನಿಂದ ಕಸ ತೆಗೆಯುವ ತಾಯಿಯಂತೆ ಬಾಗಿರುತ್ತಾನೆ. ಆ ಕೈಗೆ ಆತುರ ಅನ್ನುವುದು ಹುಟ್ಟಿಯೇ ಇಲ್ಲ.

ಅಂಥ ಕೈಯೇ ತಪ್ಪು ಮಾಡಿತು.

ಆಯುಧಪೂಜೆ ಅವನಿಗೆ ವರ್ಷದ ದೊಡ್ಡ ಹಬ್ಬ. ಅಂದು ಕೋಟು ಕಳಚಿ, ಮಡಿಯುಟ್ಟು, ಕೀಬೋರ್ಡುಗಳನ್ನೆಲ್ಲ ನಡುಮನೆಯಲ್ಲಿ ಸಾಲಾಗಿಟ್ಟು, ಒಂದೊಂದಕ್ಕೂ ಗಂಧದ ಬೊಟ್ಟು, ಒಂದೊಂದು ಸೇವಂತಿಗೆ. ಪ್ರಜ್ಞಾಳದು ಇನ್ನೂ ಬಿಚ್ಚಿದ ಸ್ಥಿತಿಯಲ್ಲೇ, ಬಿಳಿ ಬಟ್ಟೆ ಹೊದ್ದು ಸಾಲಿನ ಕೊನೆಯಲ್ಲಿತ್ತು. ಪೂಜೆಯ ಹೊತ್ತಿನಲ್ಲಿ ಮುಖ ಮುಚ್ಚಿಡಬಾರದೆಂದು ಅವನೇ ಬಟ್ಟೆ ತೆಗೆದ. ಮಾವಿನ ಎಲೆಯನ್ನು ಕಳಶದ ಅರಿಶಿನ ನೀರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ಮಂತ್ರ ಹೇಳುತ್ತ, ಎಲ್ಲದರ ಮೇಲೂ ಪ್ರೋಕ್ಷಣೆ ಮಾಡಿದ. ಮುಚ್ಚಿದ ಮೈಯವಕ್ಕೆ ಏನೂ ಆಗಲಿಲ್ಲ. ಇದರ ಬರಿಮೈಯ ಹಾಳೆಗಳ ಸಂದಿಯಲ್ಲಿ ನೀರು ಸದ್ದಿಲ್ಲದೆ ಹರಿದು ಕೂತಿತು.

ಮರುದಿನ ಬೋಲ್ಟು ಬಿಗಿದು ಒತ್ತಿದರೆ ಎಡಗಡೆಯ ಸಾಲಿಗೆ ಸಾಲೇ ಮೂಕ. 'ಟಕ್' ಅನ್ನುತ್ತದೆ, ಪರದೆಯ ಮೇಲೆ ಅಕ್ಷರವಿಲ್ಲ. ಮತ್ತೆ ಬಿಚ್ಚಿದ. ಹಾಳೆಗಳ ನಡುವೆ ಅರಿಶಿನದ ಕಲೆ. ಹತ್ತಿಯಿಂದ ಒರೆಸಹೋದರೆ ಅಚ್ಚಿನ ಗೆರೆಯೂ ಹತ್ತಿಗೇ ಅಂಟಿ ಬಂತು.

ಅನಿತಾ ಬಂದು ನೋಡಿದಳು. "ನಾನು ಒಂದು ಲೋಟ ಕಾಫಿ ತಂದ್ರೆ ದೇಶಾಂತರ ಓಡಿಸ್ತೀರ. ನೀವೇ ಕೈಯಾರೆ ನೀರು ಹೊಯ್ದ್ರಲ್ರೀ."

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಅಂಥ ಹಾಳೆ ಪರದೇಶದಿಂದ ಬರುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ. ಸ್ಪ್ರಿಂಗಿನವು ಬೇರೆ ಎಷ್ಟಿದ್ದರೂ ಅದೇ ಮಾದರಿಯ, ಅದೇ ಅಳತೆಯ ಹಾಳೆಯ ಕೀಬೋರ್ಡು ಅವನಲ್ಲಿ ಇದ್ದದ್ದು ಇನ್ನೊಂದೇ, ಸೀರೆಗಳ ನಡುವಿನದು. ಅಷ್ಟರಲ್ಲಿ ಪ್ರಜ್ಞಾ ಫೋನು ಮಾಡಿದಾಗ "ಆಗ್ತದಮ್ಮ, ಆಗ್ತದೆ" ಎಂದು ಹೇಳಿ ಇಟ್ಟವನು, ಹೆಂಡತಿಯ ಕಣ್ಣು ಕಪಾಟಿನ ಕಡೆ ಹೋದದ್ದನ್ನು ಕಂಡು ಕೋಟು ಏರಿಸಿಕೊಂಡು ಹೊರಗೆ ನಡೆದ. ಬೀದಿಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ, ಮಧ್ಯಾಹ್ನದವರೆಗೂ ಆ ಹುಣಿಸೆಬೀಜದ ಸದ್ದು ಓಡಾಡಿತು. ಊಟಕ್ಕೆ ಕರೆದರೂ ಬರಲಿಲ್ಲ.

ಭಾನುವಾರ ಸ್ನೇಹಿತರಿಬ್ಬರನ್ನೂ ಪ್ರಜ್ಞಾಳನ್ನೂ ಕರೆಸಿದ. ಡಬ್ಬ ಮೇಜಿನ ಮೇಲಿತ್ತು. ಅರಿಶಿನ ನೀರಿನ ಕತೆಯನ್ನೂ ಡಬ್ಬ ಇನ್ನು ಪ್ರಜ್ಞಾಳದೆಂಬುದನ್ನೂ ಅವನೇ ಹೇಳಿದ. ರುದ್ರಮೂರ್ತಿಯ ಮುಖ ಕಪ್ಪಿಟ್ಟಿತು.

"ಲೇ ಓಂಕಾರಿ, ಇಂಥದ್ದು ಇನ್ನೊಂದು ಹುಟ್ಟಲ್ಲ ಕಣೋ. ಯೋಚ್ನೆ ಮಾಡು."

"ಮಾಡಿದ್ದಾಯ್ತು ಮೇಷ್ಟ್ರೆ."

"ಹೋಗ್ಲಿ, ಪರೀಕ್ಷೆ ಮುಗಿದ ಮೇಲೆ ವಾಪಸ್ ಇಸ್ಕೊ."

"ಬೆರಳು ಕೂತ ಮೇಲೆ ಎಬ್ಬಿಸಕ್ಕಾಗ್ತದಾ?"

ಡಬ್ಬವನ್ನು ಇನ್ನೊಮ್ಮೆ ಕಿವಿಗೆ ಹಿಡಿದು ಅಲುಗಿಸಿ ಕೇಳಿ, ಆಮೇಲೆ ಅಂಟುಪಟ್ಟಿಗೆ ಚೂರಿ ತಾಗಿಸಿದ. ಒಳಗಿನ ಕೀಬೋರ್ಡು ಹಸುಗೂಸಿನ ಉಗುರಿನಂತೆ ನಸುಬಿಳುಪು. ಮೊದಲ ಗುಂಡಿಯನ್ನು ಅವನೇ ಒತ್ತುತ್ತಾನೆಂದು ನಾಗೇಶ್ ಕಾದ. ಓಂಕಾರೇಶ ಅದನ್ನು ಪ್ರಜ್ಞಾಳ ಕಡೆಗೆ ತಿರುಗಿಸಿ ಇಟ್ಟ. ಅವಳು ಒಂದಿಷ್ಟು ಒತ್ತಿದಳು. ಕೋಣೆ ತುಂಬ ಗರಿಗರಿಯಾದ ಸದ್ದು. ಆದರೆ ಅವಳ ಹುಬ್ಬು ಗಂಟಾಗಿಯೇ ಇತ್ತು.

"ಸದ್ದು ಚೆನ್ನಾಗೈತೆ ಅಣ್ಣ. ಆದ್ರೆ ಇದ್ರಲ್ಲಿ ಒಂದು ಅಕ್ಷರಾನೂ ನನ್ನ ಗುರುತು ಹಿಡೀತಿಲ್ಲ. ನಂದ್ರಲ್ಲಿ 'ಎ' ಮೂಲೆ ಚಕ್ಕೆ ಎದ್ದಿತ್ತು, 'ಎಲ್' ಒಂದು ಕಡೆ ಸವೆದಿತ್ತು. ಅದೇ ನಂಗೆ ದಾರಿ."

ರುದ್ರಮೂರ್ತಿ ಎದ್ದೇಬಿಟ್ಟ, ಮುಂದೇನೆಂದು ಅವನಿಗೆ ಹೊಳೆದಿತ್ತು. ಓಂಕಾರೇಶ ಹೊಸದರ ಟೋಪಿಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟ. ಆ ಜಾಗಕ್ಕೆ ಪ್ರಜ್ಞಾಳ ಹಳೆಯವನ್ನು, ಅವಳ ಬೆವರಿಗೆ ಕಂದಿ ಅವಳ ಬೆರಳಿಗೆ ಗುಳಿಬಿದ್ದವನ್ನು, ಒಂದೊಂದನ್ನೂ ಒತ್ತಿ ಸದ್ದು ಕೇಳಿ ಕೂರಿಸುತ್ತ ಹೋದ.

"ಹೊಸ ಮದುವಣಗಿತ್ತಿಗೆ ಅಜ್ಜಿ ಹಲ್ಲು ಕಟ್ಟಿದ್ಯಲ್ಲ ಓಂಕಾರಣ್ಣ," ಅಂದ ನಾಗೇಶ್. ನಗಿಸಲು ಹೊರಟವನ ದನಿ ಅರ್ಧಕ್ಕೇ ಇಳಿಯಿತು.

ಪ್ರಜ್ಞಾ ಮತ್ತೆ ಬೆರಳಿಟ್ಟಳು. ಆಮೇಲೆ ಕೇಳಿಸಿದ್ದು ಬಿಡಿ ಬಿಡಿ ಸದ್ದಲ್ಲ, ಒಂದೇ ಸಮನೆ ಸುರಿಯುವ ಧಾರೆ. ಅವಳೇನು ಬರೆಯುತ್ತಿದ್ದಳೋ ಯಾರೂ ಪರದೆ ನೋಡಲಿಲ್ಲ. ಬಾಗಿಲವರೆಗೆ ಹೋಗಿದ್ದ ರುದ್ರಮೂರ್ತಿ ಹಿಂದಿರುಗಿ ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ, ಕಣ್ಣು ಮುಚ್ಚಿಕೊಂಡ.

ಪರೀಕ್ಷೆಯಾಗಿ ಕೆಲವು ದಿನಕ್ಕೆ ಅವಳ ಫೋನು ಬಂತು. ಓಂಕಾರೇಶ ಜಗಲಿಯಲ್ಲಿ ನಿಂತು ಕೇಳಿದ ಮೊದಲ ಮಾತು, "ಸ್ಪೇಸ್ ಬಾರ್ ಏನಾದ್ರೂ ಗೊರಗೊರ ಅಂತದಾ?"

"ಕೆಲಸ ಕಾಯಂ ಆಯ್ತು ಅಂತ ಹೇಳಕ್ಕೆ ಮಾಡಿದ್ರೆ ನೀವು ಸ್ಪೇಸ್ ಬಾರ್ ಕೇಳ್ತೀರಲ್ಲ ಅಣ್ಣ," ಎಂದು ಅವಳು ನಕ್ಕದ್ದು ನಮ್ಮ ಅಂಗಳದವರೆಗೂ ಕೇಳಿಸಿತು.

"ಒಳ್ಳೇದಾಯ್ತು ಕಣಮ್ಮ," ಅಂದ. ಆಮೇಲೆ ಬಹಳ ಹೊತ್ತು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದ. ಆಚೆ ಅವಳು ಫೋನು ಇಡುವುದನ್ನು ಮರೆತು ಟೈಪಿಗೆ ಕೂತಿರಬೇಕು.

ಹಳೆಯದನ್ನು ಕೂಡಿಡುವವರನ್ನು ಲೋಕ ಜಿಪುಣರೆಂದೋ ಮರುಳರೆಂದೋ ಕರೆದು ಮುಂದಕ್ಕೆ ಹೋಗುತ್ತದೆ. ಅವರಲ್ಲಿ ಜಿಪುಣರೂ ಉಂಟು, ಮರುಳರೂ ಉಂಟು. ಆದರೆ ವಸ್ತುವಿನ ಜೀವ ಎಲ್ಲಿದೆಯೆಂದು ಕಿವಿಗೊಟ್ಟು ಹುಡುಕುವ ಕೆಲವರು ಇವರ ನಡುವೆಯೇ ಇರುತ್ತಾರೆ. ಬೇರೆಯವರು ತೂಕಕ್ಕೆ ಹಾಕಿದ್ದನ್ನು ಅವರು ವರ್ಷಗಟ್ಟಲೆ ಧೂಳಿನಿಂದ, ತೇವದಿಂದ, ತಮ್ಮದೇ ಬೆರಳಿನಿಂದ ಕಾಪಾಡುತ್ತಾರೆ. ಯಾವುದಕ್ಕಾಗಿ ಎಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಬೇಕಾದವರು ಬಾಗಿಲಿಗೆ ಬಂದು ನಿಂತ ದಿನ ಗೊತ್ತಾಗುತ್ತದೆ, ಆ ದಿನ ಅವರಿಗೆ ನೋಯುತ್ತದೆ, ನೋಯುತ್ತಲೇ ಕೊಡುತ್ತಾರೆ. ಅಂಥವರು ಏನು ಕೂಡಿಟ್ಟಿದ್ದರೆಂಬುದು ಅವರ ಕಪಾಟಿನಲ್ಲೊಂದು ಜಾಗ ಖಾಲಿಯಾದ ಮೇಲೆಯೇ ನಮ್ಮ ಕಣ್ಣಿಗೆ ಬೀಳುವುದು.